ಬೀಮ್ ಇಲ್ಲದೆ ಬೆಳೆದ ಗುಡ್ಡ

ನಾನು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಮನೆಯಿಂದ ಹೊರಟು ಗೇಟು ದಾಟಿದ ಮೇಲೆ "ರೀ, ಗ್ಯಾಸ್ ಆರಿಸಿದ್ರಾ?" ಎಂದು ಕೇಳದಿದ್ದರೆ ಆ ದಿನವೆಲ್ಲ ನನಗೆ ಉಸಿರೇ ಸರಿಯಾಗಿ ಆಡುವುದಿಲ್ಲ. ನಮ್ಮವರು "ಆರಿಸಿದೆ ಕಣೇ" ಎನ್ನುತ್ತಾರೆ. ಬೀದಿಯ ತಿರುವಿನಲ್ಲಿ ಇನ್ನೊಮ್ಮೆ ಕೇಳುತ್ತೇನೆ, ಬಸ್ಸು ಹತ್ತುವಾಗ ಮತ್ತೊಮ್ಮೆ. ಇಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ಸಲವೂ ಸಿಡುಕಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ನಾವಿಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇವೆ. ಅವರು ಮೇಲಿನ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಕೂತು ಯಂತ್ರ ನಡೆಸುತ್ತಾರೆ. ನಾನು ಕೆಳಗೆ, ಆ ಯಂತ್ರದ ಉದ್ದನೆಯ ಕೊಳವೆ ಬಂದು ಸೇರುವ ಉಕ್ಕಿನ ಪೆಟ್ಟಿಗೆಯ ಪಕ್ಕ. ಯಂತ್ರದ ಕೆಲಸವೆಂದರೆ ಪರಮಾಣುಗಳಿಂದ ಒಂದಷ್ಟು ಎಲೆಕ್ಟ್ರಾನು ಕಿತ್ತುಹಾಕಿ, ಹಾಗೆ ಅರೆಬರೆಯಾದ ಅಯಾನುಗಳನ್ನು ವೇಗವಾಗಿ ಓಡಿಸಿ ಕೆಳಗೆ ಕಳಿಸುವುದು. ಆ ಹರಿವಿಗೆ ಬೀಮ್ ಎನ್ನುತ್ತೇವೆ. ನನ್ನ ಪೆಟ್ಟಿಗೆಯೊಳಗೆ ಗಾಳಿ ಇರುವುದಿಲ್ಲ, ಪಂಪು ಎಲ್ಲವನ್ನೂ ಎಳೆದು ಹೊರಗೆ ಹಾಕಿರುತ್ತದೆ. ಅಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಲೆಯಲ್ಲಿ ಒಂದು ಬಿಳಿ ಪುಡಿ ಕಾದು ಆವಿಯಾಗುತ್ತದೆ. ನಮ್ಮ ಜೀವಕೋಶಗಳೊಳಗೆ ಇರುವಂಥದ್ದೇ ಅಣು ಅದು. ಬೀಮ್ ಬಂದು ಆವಿಗೆ ಬಡಿಯುತ್ತದೆ, ಅಣು ಒಡೆಯುತ್ತದೆ, ಚೂರುಗಳು ಅವನ್ನು ಎಣಿಸುವ ಡಿಟೆಕ್ಟರಿನ ಕಡೆ ಓಡುತ್ತವೆ. ಹಗುರವಾದದ್ದು ಮೊದಲು ಮುಟ್ಟುತ್ತದೆ, ಭಾರದ್ದು ಆಮೇಲೆ. ಒಂದೊಂದು ಬಗೆಯ ಚೂರಿಗೆ ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಗುಡ್ಡ ಏಳುತ್ತದೆ. ಅಯಾನು ಹಾಯಿಸಿ ಕ್ಯಾನ್ಸರ್ ಗಡ್ಡೆ ಕರಗಿಸುವ ಡಾಕ್ಟರುಗಳಿಗೆ, ಅದು ಮೈಯೊಳಗೆ ಹೋಗಿ ಏನನ್ನು ಹೇಗೆ ಒಡೆಯುತ್ತದೆ ಎಂದು ತಿಳಿಯಬೇಕಲ್ಲ. ಅದಕ್ಕೆ ಈ ಗುಡ್ಡಗಳು ಬೇಕು.

ಮೇಲಕ್ಕೂ ಕೆಳಕ್ಕೂ ಮಾತಾಡಲು ಗೋಡೆಗೆ ಹೊಡೆದ ಒಂದು ಡಬ್ಬವಿದೆ. ಗುಂಡಿ ಒತ್ತಿ ನಾನು "ರೀ" ಎಂದರೆ ಕಾರಿಡಾರಿನವರಿಗೆಲ್ಲ ಕೇಳುತ್ತದೆ. "ರೀ, ಬೀಮ್ ಕೊಡಿ." "ಕೊಟ್ಟಿದೀನಲ್ಲೇ." "ಇದನ್ನ ಬೀಮ್ ಅಂತಾರಾ? ತೊಟ್ಟಿಕ್ತಾ ಇದೆ." "ನಿನ್ ಪೆಟ್ಟಿಗೆ ಸೊಟ್ಟಗಿದೆ, ನನ್ ಬೀಮಿಗೆ ಯಾಕೆ ಹೆಸರಿಡ್ತೀಯ?" ಇಂಥ ಜಗಳ ದಿನಾ ನಡೆಯುತ್ತದೆ. ಹುಡುಗರು ಆ ಡಬ್ಬಕ್ಕೆ ರೀ ಪೆಟ್ಟಿಗೆ ಎಂದು ಹೆಸರಿಟ್ಟಿದ್ದಾರೆ. ಇಡಲಿ, ನನಗೇನು ನಾಚಿಕೆಯಿಲ್ಲ.

ಯಂತ್ರಕ್ಕೆ ಎಲ್ಲರೂ ಮುದುಕಿ ಎನ್ನುತ್ತಾರೆ. ನಮ್ಮವರು ಕೆಲಸಕ್ಕೆ ಸೇರಿದಾಗಲೇ ಅದು ಹಳತು. ನಮ್ಮ ಅತ್ತೆ ಮಾತ್ರ ಅದನ್ನು ನನ್ನ ಸವತಿ ಎನ್ನುತ್ತಾರೆ. "ಏನಮ್ಮಾ, ನಿನ್ ಸವತಿ ಇವತ್ತು ಬೇಗ ಬಿಟ್ಲಾ ಅವನನ್ನ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ಕೇಳುವವರಿಗೆ ತಮಾಷೆ. ನನಗೆ ಒಂದು ಕಾಲದಲ್ಲಿ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು. ಫೋನಿನ ಆ ಕಡೆಯಿಂದ ಪಂಪಿನ ಸದ್ದು ಸ್ವಲ್ಪ ಬೇರೆ ಕೇಳಿಸಿದರೆ ತಟ್ಟೆ ಬಿಟ್ಟು ಎದ್ದು ಹೋಗುವವರು, ನನಗೆ ಜ್ವರ ಬಂದದ್ದನ್ನು ನಾನು ಬಾಯಿಬಿಟ್ಟು ಹೇಳಿದ ಮೇಲೆ ತಿಳಿದುಕೊಂಡವರು.

ಆ ಮುದುಕಿಯನ್ನು ಇಟ್ಟುಕೊಳ್ಳಬೇಕೋ ಬಿಚ್ಚಿಹಾಕಬೇಕೋ ಎಂದು ನೋಡಲು ಗುರುವಾರ ಒಂದು ಸಮಿತಿ ಬರುವುದಿತ್ತು. ಪ್ರಯೋಗಾಲಯದ ನಿರ್ದೇಶಕರು ಮೊದಲೇ ಹೇಳಿದ್ದರು. "ಹೊಸದು ಏನಾದ್ರೂ ಇದ್ರೆ ತೋರ್ಸಿ. ಹಳೇದನ್ನೇ ತೋರ್ಸಿದ್ರೆ ನನ್ ಕೈಲೂ ಏನೂ ಆಗಲ್ಲ." ಅಂದಿನಿಂದ ನಮ್ಮವರು ಮಾತು ಕಡಿಮೆ ಮಾಡಿದರು. ಉಣ್ಣುವಾಗ ಅನ್ನ ಕಲಸಿ ಕಲಸಿ ಹಾಗೇ ಬಿಡುತ್ತಿದ್ದರು. ನನಗೆ ಸವತಿ ಗಿವತಿ ಎಲ್ಲ ಮರೆತುಹೋಗಿ, ಆ ಮುದುಕಿ ಒಂದು ಉಳಿದರೆ ಸಾಕು ಎನ್ನಿಸತೊಡಗಿತು.

ಸೋಮವಾರ ಹೊಸ ಗುಡ್ಡ ಎದ್ದಿತು.

ನೋಡಿದ್ದು ಗುಬ್ಬಿ. ಗುಬ್ಬಿ ನಮ್ಮ ಪಿಎಚ್‌ಡಿ ಹುಡುಗಿ. ತಿನ್ನುವುದೂ ಗುಬ್ಬಿಯಷ್ಟೇ, ಕೂರುವುದೂ ಸ್ಟೂಲಿನ ಅಂಚಿನಲ್ಲಿ ಹಾಗೇ. "ಮೇಡಂ, ಇದೇನಿದು?" ಎಂದು ಪರದೆಗೆ ಬೆರಳಿಟ್ಟಳು. ಎರಡು ಹಳೆಯ ಗುಡ್ಡಗಳ ನಡುವೆ ಚಿಕ್ಕದೊಂದು ಮೂಗು ಮೇಲೆದ್ದಿತ್ತು. ಈ ಅಣುವನ್ನು ಒಡೆದ ಯಾರಿಗೂ ಅಲ್ಲಿ ಗುಡ್ಡ ಸಿಕ್ಕಿರಲಿಲ್ಲ. ಮೊದಲು ನಾನು ನಂಬಲಿಲ್ಲ. ಒಲೆ ತಣ್ಣಗೆ ಮಾಡಿ, ಆವಿ ನಿಲ್ಲಿಸಿ, ಬರೀ ಬೀಮ್ ಹಾಯಿಸಿ ನೋಡಿದೆವು. ಗುಡ್ಡ ಇಲ್ಲ. ಒಲೆ ಕಾಯಿಸಿದೆವು, ಗುಡ್ಡ ಬಂತು. ಅಂದರೆ ಪೆಟ್ಟಿಗೆಯೊಳಗಿನ ಕೊಳೆಯಲ್ಲ, ಅಣುವಿನದೇ ಚೂರು. ನಾನು ಗುಂಡಿ ಒತ್ತಿ ಹೇಳಿದೆ. ಅತ್ತ ಕಡೆ ಕುರ್ಚಿ ಸರಿದ ಸದ್ದು ಕೇಳಿತು. ತಿಂಗಳುಗಟ್ಟಲೆ ಕೆಳಗೆ ಇಣುಕದ ಮನುಷ್ಯ ಮೆಟ್ಟಿಲಿಳಿದು ಬಂದು ನನ್ನ ಭುಜದ ಹಿಂದೆ ನಿಂತು ಪರದೆ ನೋಡಿದರು. "ಇದು ನಮ್ ಮುದುಕಿ ಮಾಡಿದ್ದಾ?" ಎಂದರು. ಮಗು ನಡೆದದ್ದನ್ನು ನೋಡಿದ ಅಪ್ಪನ ಮುಖ ಹೇಗಿರುತ್ತದೋ ಹಾಗಿತ್ತು.

ಎರಡು ದಿನ ನಮ್ಮ ಮನೆ ಮನೆಯಾಗಿತ್ತು. ಗಡ್ಡ ಬೋಳಿಸುತ್ತ ಅವರು ಹಾಡು ಗುನುಗಿದರು. ಅನ್ನ ಎರಡನೇ ಸಲ ಹಾಕಿಸಿಕೊಂಡರು. "ಏನೋ ಇವತ್ತು, ಮದುವೆ ಗಂಡಿನ ಹಾಗಿದೀಯ," ಎಂದು ಅತ್ತೆ ಕೆಣಕಿದರು. ನಾನೊಬ್ಬಳೇ ನೆಮ್ಮದಿಯಿಲ್ಲದೆ ಒಳಗೂ ಹೊರಗೂ ಓಡಾಡುತ್ತಿದ್ದೆ. ನನ್ನ ಸ್ವಭಾವವೇ ಹಾಳು, ಒಳ್ಳೆಯದಾದರೂ ಅದಕ್ಕೆ ಎಲ್ಲಿ ಬೆಂಕಿ ಬೀಳುತ್ತದೋ ಎಂದು ಹುಡುಕುತ್ತದೆ.

ಈಗ ಗೇಜಿನ ಮಾತು ಹೇಳಲೇಬೇಕು. ಪೆಟ್ಟಿಗೆಯೊಳಗೆ ಎಷ್ಟರಮಟ್ಟಿಗೆ ಖಾಲಿಯಿದೆ ಎಂದು ಅಂಕಿಯಲ್ಲಿ ತೋರಿಸುವ ಉಪಕರಣ ಅದು. ಅದರೊಳಗೆ ಕೂದಲಿನಂಥ ತಂತಿಯೊಂದು ಸದಾ ನಿಗಿನಿಗಿ ಕಾದಿರುತ್ತದೆ. ಬೇರೆಯವರು ಅಳತೆ ಶುರುವಾದ ಕೂಡಲೇ ಅದನ್ನು ಆರಿಸಿಬಿಡುತ್ತಾರೆ. ನಾನು ಆರಿಸುವುದಿಲ್ಲ. ಹಿಂದೊಮ್ಮೆ ಅದನ್ನು ಆರಿಸಿದ್ದಾಗ ಎಲ್ಲೋ ಸಣ್ಣ ಬಿರುಕಿನಿಂದ ಗಾಳಿ ನುಗ್ಗಿ ಡಿಟೆಕ್ಟರು ಸುಟ್ಟುಹೋಗಿತ್ತು. ಅಂದಿನಿಂದ ಆ ಅಂಕಿ ಕಣ್ಣೆದುರು ಇಲ್ಲದಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ. ಗೇಜು ದೂರದಲ್ಲಿ, ಬಾಗಿದ ಕೊಳವೆಯೊಂದರ ತುದಿಯಲ್ಲಿ ಇದ್ದುದರಿಂದ ಅದು ಉರಿದರೂ ಯಾರಿಗೂ ತೊಂದರೆಯಿರಲಿಲ್ಲ. ಆ ಸೋಮವಾರಕ್ಕೆ ಎರಡು ದಿನ ಮೊದಲು ಹೊಸ ಪಂಪು ಕೂರಿಸಿದಾಗ ಆ ಜಾಗ ಪಂಪಿಗೆ ಹೋಯಿತು. ಗೇಜನ್ನು ಒಲೆಯ ಪಕ್ಕದ ಕಿಂಡಿಗೆ ಸಿಕ್ಕಿಸಿ, ಎಂದಿನಂತೆ ಉರಿಯಲು ಬಿಟ್ಟೆ.

ಬುಧವಾರ ಮಧ್ಯಾಹ್ನ ಗುಬ್ಬಿ ಊಟಕ್ಕೆ ಹೋಗಿದ್ದಳು. ಡಬ್ಬ ಗೊರಗುಟ್ಟಿತು. "ಇಲ್ಲೇನೋ ಕಿರಿಕಿರಿ ಮಾಡ್ತಾ ಇದೆ ಕಣೇ. ಬೀಮ್ ತೆಗೀತೀನಿ, ಸ್ವಲ್ಪ ತಡಿ."

ಬೀಮ್ ಹೋದ ಕೂಡಲೇ ನಾವು ಮಾಡುವ ಮೊದಲ ಕೆಲಸ ಒಲೆ ತಗ್ಗಿಸುವುದು. ಆ ಪುಡಿ ಸುಲಭಕ್ಕೆ ಸಿಗುವಂಥದ್ದಲ್ಲ, ಬೀಮ್ ಇಲ್ಲದಾಗ ಸುಮ್ಮನೆ ಆವಿಯಾಗಿ ಹೋದರೆ ಕರುಳು ಚುರುಕ್ಕೆನ್ನುತ್ತದೆ. ಅದು ನಮಗೆ ಎಷ್ಟು ರೂಢಿಯೆಂದರೆ ಕಿವಿ ಕೇಳುವ ಮೊದಲೇ ಕೈ ಹೋಗಿರುತ್ತದೆ. ಆ ದಿನ ಮಾತ್ರ ಹೋಗಲಿಲ್ಲ. ಅತ್ತೆಯ ಮೊಣಕಾಲಿನ ಎಣ್ಣೆ ತಂದಿರಾ ಎಂದು ಕೇಳಿದೆ, ಮರೆತೆ ಎಂದರು. ಶುರುವಾಯಿತು. "ನಿಮ್ಮಮ್ಮನ ಎಣ್ಣೆ ನಿಮಗೇ ನೆನಪಿರಲ್ಲ ಅಂದ್ರೆ ಇನ್ಯಾರಿಗೆ ಇರಬೇಕು ರೀ? ಮುದುಕಿಗೆ ಎಣ್ಣೆ ಹಾಕೋದು ಮಾತ್ರ ಮರೆಯಲ್ಲ." "ಯಾವ ಮುದುಕಿಗೆ?" "ಎರಡರಲ್ಲಿ ಯಾವುದು ಅಂತ ನೀವೇ ಹೇಳಿ." ಕಾರಿಡಾರಿನಲ್ಲಿ ಯಾರೋ ನಕ್ಕರು. ನಾನು ಗುಂಡಿ ಬಿಟ್ಟು, ಮೂಗಿನ ತುದಿಯ ಸಿಟ್ಟಿನಲ್ಲೇ ಪರದೆಯ ಕಡೆ ತಿರುಗಿದೆ.

ಗುಡ್ಡಗಳೆಲ್ಲ ಇದ್ದಲ್ಲೇ ನಿಂತಿದ್ದವು. ಬೀಮ್ ಇಲ್ಲ, ಹೊಸ ಚೂರುಗಳಿಲ್ಲ, ನಿಲ್ಲಬೇಕಾದದ್ದೇ. ಆದರೆ ಆ ಹೊಸ ಗುಡ್ಡ ನಿಂತಿರಲಿಲ್ಲ. ಒಂದೊಂದೇ ಚುಕ್ಕಿ ಸೇರಿಸಿಕೊಂಡು ಮೆಲ್ಲಗೆ ಬೆಳೆಯುತ್ತಿತ್ತು.

ಬೀಮ್ ನಿಜಕ್ಕೂ ಹೋಗಿದೆಯೇ ಎಂದು ನೋಡಿದೆ, ಹೋಗಿತ್ತು. ಒಲೆ ನೋಡಿದೆ, ಕಾದಿತ್ತು. ಆಗ ಹೊಳೆಯಿತು. ಬೀಮ್ ಇದ್ದು ಆವಿ ಇಲ್ಲದಾಗ ಏನಾಗುತ್ತದೆಂದು ನಾವು ನೋಡಿದ್ದೆವು. ಆವಿ ಇದ್ದು ಬೀಮ್ ಇಲ್ಲದಾಗ ಏನಾಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಪುಡಿಯ ಆಸೆಗೆ ಬಿದ್ದು ಒಲೆ ತಗ್ಗಿಸಿ ತಗ್ಗಿಸಿ, ನೋಡುವ ದಾರಿಯನ್ನೇ ಮುಚ್ಚಿಕೊಂಡಿದ್ದೆವು. ನಾನು ಗೇಜಿನ ಸ್ವಿಚ್ಚಿಗೆ ಕೈ ಹಾಕಿದೆ. ಆರಿಸಿದೆ. ಗುಡ್ಡ ನಿಂತಿತು. ಹಚ್ಚಿದೆ. ಬೆಳೆಯಿತು. ಮತ್ತೆ ಆರಿಸಿದೆ, ಮತ್ತೆ ನಿಂತಿತು. ಪಕ್ಕದಲ್ಲೇ ನಿಗಿನಿಗಿ ಕಾದ ತಂತಿಗೆ ಆವಿ ತಗುಲಿ, ಅಣು ಅಲ್ಲೇ ಬೆಂದು ಮುರಿದು, ಆ ಚೂರು ಡಿಟೆಕ್ಟರಿಗೆ ಹೋಗುತ್ತಿತ್ತು. ಮುದುಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಎಲ್ಲ ಸರಿಯಿದೆಯೇ ಎಂದು ನೋಡುತ್ತಲೇ ಇರಬೇಕೆಂದು ನಾನು ಹಚ್ಚಿಟ್ಟಿದ್ದ ದೀಪವೇ ಎಲ್ಲವನ್ನೂ ಕೆಡಿಸಿತ್ತು.

ಗುಬ್ಬಿ ಕೈ ಒರೆಸಿಕೊಳ್ಳುತ್ತ ಬಂದಳು. "ಮೇಡಂ, ಬೀಮ್ ಬಂತಾ? ನಮ್ಮಮ್ಮನಿಗೆ ಗುಡ್ಡದ ಫೋಟೋ ಕಳಿಸಿದ್ದೆ. ಇಷ್ಟೇನಾ ಅಂದ್ರು." ನಗುತ್ತಿದ್ದಳು. "ಬರುತ್ತೆ ತಡಿ," ಎಂದೆ. ನನ್ನ ದನಿ ನನಗೇ ಬೇರೆಯವರದ್ದಂತೆ ಕೇಳಿಸಿತು. ಕೈ ಏನು ಮಾಡಿತು ಗೊತ್ತೇ? ಗೇಜನ್ನು ಮತ್ತೆ ಹಚ್ಚಿಟ್ಟಿತು.

ಸಂಜೆ ಊಟಕ್ಕೆ ಕೂತಾಗ ವಿಷಯ ನಾಲಿಗೆ ತುದಿಯಲ್ಲೇ ಇತ್ತು. ನಮ್ಮವರು ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ ಕೈ ತೊಳೆದು ಬಂದಿದ್ದರು, ಮರೆತಿದ್ದನ್ನು ದಾರಿಯಲ್ಲಿ ಕೊಂಡು ತಂದಿದ್ದರು. "ರೀ, ಆ ಗುಡ್ಡ ಬರದೇ ಹೋಗಿದ್ರೆ?" ಎಂದೆ.

"ಬರದೇ ಹೋಗಿದ್ರೆ ಆಫೀಸಲ್ಲಿ ಒಂದು ಮೇಜು ಕೊಡ್ತಿದ್ರು. ಯಾರು ಎಷ್ಟೊತ್ತಿಗೆ ಬಂದ್ರು, ಎಷ್ಟೊತ್ತಿಗೆ ಹೋದ್ರು ಅಂತ ನೋಡ್ಕೊಂಡು ಕೂತಿರ್ತಿದ್ದೆ." ಅವರು ಅನ್ನ ಕಲಸುತ್ತ ನಕ್ಕರು. "ಬಂತಲ್ಲ, ಬಿಡು. ನೀನು ಕಣೇ ನಮ್ ಮುದುಕೀನ ಉಳಿಸಿದ್ದು."

"ಸವತೀನ ಉಳಿಸಿದ ಸೊಸೆ ಊರಲ್ಲೆಲ್ಲ ಇವಳೊಬ್ಬಳೇ," ಎಂದರು ಅತ್ತೆ.

ನಾನು ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದೆ. ಹೇಳಿಬಿಡಬೇಕೆಂದು ಎರಡು ಸಲ ಬಾಗಿಲವರೆಗೆ ಬಂದೆ. ನನ್ನ ಹೆದರಿಕೆ ಇಷ್ಟೆ. ಹೇಳಿದರೆ ಅವರು "ನಾಳೆ ಒಂದಿನ ಸುಮ್ನಿದ್ದುಬಿಡು, ಅವರು ಹೋದ ಮೇಲೆ ನೋಡೋಣ" ಎನ್ನುತ್ತಾರೆ. ಅವರು ಹಾಗೆ ಕೇಳಿಕೊಂಡರೆ ನಾನು ಸುಮ್ಮನಿರುತ್ತೇನೆ. ಇರಲಾರೆ ಎಂದು ಬಾಯಲ್ಲಿ ಹೇಳಬಹುದು, ಆ ಮುಖ ನೋಡಿದ ಮೇಲೆ ಇರುತ್ತೇನೆ. ಹಾಗಾಗಿ ಹೇಳಲಿಲ್ಲ. ತಂಬಿಗೆ ತುಂಬಿ ಚೆಲ್ಲಿ ಕಾಲೆಲ್ಲ ನೆನೆಯಿತು. ಮಗ್ಗುಲು ಬದಲಿಸಿ ಬದಲಿಸಿ ಬೆಳಗು ಮಾಡಿದೆ.

ಗುರುವಾರ ಸಮಿತಿಯ ಮೂವರು ಬಂದರು, ಹಿಂದೆ ನಿರ್ದೇಶಕರು. ನನ್ನ ಕೋಣೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೂವರಲ್ಲಿ ಹಿರಿಯಾಕೆ ಒಬ್ಬರು, ತೋಳು ಮೊಣಕೈವರೆಗೂ ಮಡಿಸಿದ್ದರು. ಪೆಟ್ಟಿಗೆಯ ನಟ್ಟುಗಳನ್ನು ಮುಟ್ಟಿ ನೋಡಿದ ರೀತಿಯಲ್ಲೇ ಈಕೆ ಕೈಯಿಂದ ಕೆಲಸ ಮಾಡಿದವರು ಎಂದು ತಿಳಿಯಿತು. ಗುಬ್ಬಿ ಹೊಸ ಗುಡ್ಡ ತೋರಿಸಿದಳು. ಮಾತಾಡುವಾಗ ಒಂದು ಕಡೆಯೂ ತಡವರಿಸಲಿಲ್ಲ.

"ಇದು ಬೀಮಿಂದಲೇ ಬಂದಿದ್ದು ಅಂತ ಹೇಗೆ ಗೊತ್ತು?" ಎಂದು ಹಿರಿಯಾಕೆ ಕೇಳಿದರು.

"ಒಲೆ ತಣ್ಣಗಿಟ್ಟು ಬರೀ ಬೀಮ್ ಹಾಯಿಸಿ ನೋಡಿದೀವಿ. ಆಗ ಇದು ಬರಲ್ಲ," ಎಂದಳು ಗುಬ್ಬಿ.

ಆಕೆ ಒಂದು ಗಳಿಗೆ ಯೋಚಿಸಿ ತಲೆಯಾಡಿಸಿದರು. "ಚೆನ್ನಾಗಿದೆ," ಎಂದು ಪೆನ್ನಿನ ಮುಚ್ಚಳ ಹಾಕಿದರು. ನಿರ್ದೇಶಕರ ಮುಖ ಅರಳಿತು. ಮುಗಿದಿತ್ತು. ಮುದುಕಿ ಉಳಿದಿದ್ದಳು. ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು. ಎಲ್ಲರೂ ಬಾಗಿಲ ಕಡೆ ತಿರುಗುತ್ತಿದ್ದರು. ನನ್ನ ಕೈ ಡಬ್ಬದ ಗುಂಡಿಯ ಮೇಲಿತ್ತು.

"ರೀ, ಬೀಮ್ ತೆಗೀರಿ."

"ಏನು?"

"ತೆಗೀರಿ. ಒಲೆ ಹಾಗೇ ಇರ್ಲಿ."

ಅವರು ಯಾಕೆ ಎಂದು ಕೇಳಲಿಲ್ಲ. ನಾನು ಕೇಳಿದರೆ ಯಾಕೆ ಎನ್ನುವವರೇ ಅಲ್ಲ. ಖಟ್ ಎಂದು ಸದ್ದಾಯಿತು, ಬೀಮ್ ಹೋಯಿತು. ಗುಡ್ಡಗಳೆಲ್ಲ ನಿಂತವು. ಹೊಸದು ಮಾತ್ರ ಎಲ್ಲರ ಕಣ್ಣೆದುರು ಚುಕ್ಕಿ ಚುಕ್ಕಿಯಾಗಿ ಬೆಳೆಯತೊಡಗಿತು. ಹಿರಿಯಾಕೆ ತಿರುಗಿ ಬಂದು ಪರದೆಗೆ ಬಗ್ಗಿದರು. ಗುಬ್ಬಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಲಿಲ್ಲ.

"ಏನಾಯ್ತೇ?" ಎಂದಿತು ಡಬ್ಬ.

"ಇದು ನಿಮ್ ಮುದುಕಿ ಮಾಡಿದ್ದಲ್ಲ ರೀ. ನನ್ ಗೇಜಿನ ತಂತಿ ಮಾಡಿದ್ದು. ಅದು ಪಕ್ಕದಲ್ಲೇ ಕಾದು ಕೂತಿದೆ, ನಾನು ಆರಿಸಿರಲಿಲ್ಲ."

ಡಬ್ಬದಲ್ಲಿ ಬರೀ ಗೊರಗೊರ ಸದ್ದು. ಅವರು ಗುಂಡಿ ಬಿಟ್ಟಿರಲಿಲ್ಲ. ನಿರ್ದೇಶಕರ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು. ಏನಾದರೂ ಅನ್ನಿ, ಬೈಯಿರಿ, ಒಂದು ಸಲವಾದರೂ ಬೈಯಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೇಜು ಆರಿಸು," ಎಂದರು ಕಡೆಗೆ. "ಪರದೆ ಮೇಲಿನದ್ದೆಲ್ಲ ಅಳಿಸಿ ಮತ್ತೆ ಶುರು ಮಾಡು. ಬೀಮ್ ಕೊಡ್ತೀನಿ."

ಆರಿಸಿದೆ. ಅವರು ಕೊಟ್ಟ ಬೀಮ್ ಹೇಗಿತ್ತೆಂದರೆ, ನಾನು ಅಷ್ಟು ವರ್ಷ ಜಗಳವಾಡಿ ಕೇಳಿದರೂ ಅಂಥದ್ದು ಸಿಕ್ಕಿರಲಿಲ್ಲ. ಅಲುಗಾಡದೆ, ದಾರ ಹಿಡಿದು ಎಳೆದ ಹಾಗೆ ನೇರ. ಪರದೆಯ ಮೇಲೆ ಹಳೆಯ ಗುಡ್ಡಗಳು ಒಂದೊಂದಾಗಿ ಎದ್ದವು, ನಡುವಿನ ಜಾಗ ಬೋಳಾಗಿ ಉಳಿಯಿತು. ಎಲ್ಲರಿಗೂ ಗೊತ್ತಿದ್ದ ಗುಡ್ಡಗಳು, ಹೊಸದು ಯಾವುದೂ ಇಲ್ಲ. ಹಿರಿಯಾಕೆ ಅದನ್ನು ಬಹಳ ಹೊತ್ತು ನೋಡಿದರು. "ಒಳ್ಳೇ ಬೀಮ್," ಎಂದರು ಡಬ್ಬದ ಕಡೆ ತಿರುಗಿ. ಹೋಗುವಾಗ ನನ್ನ ತೋಳು ಮುಟ್ಟಿದರು.

ಗುಬ್ಬಿ ಅಳತೊಡಗಿದಳು. "ಅಳೋದಾದ್ರೆ ಆ ಕಡೆ ತಿರುಗಿ ಅಳು, ಕೀಬೋರ್ಡ್ ಮೇಲೆ ಬೇಡ," ಎಂದೆ. ಅವಳು ಮೂಗು ಎಳೆಯುತ್ತ ತಿರುಗಿದಳು. ಹತ್ತಿರ ಹೋಗಿ ತಲೆ ಸವರಿದೆ. ಪಾಪದ ಹುಡುಗಿ, ಅಮ್ಮನಿಗೆ ಏನೆಂದು ಹೇಳುತ್ತಾಳೋ. "ಇನ್ನೊಂದು ಯಂತ್ರ ಸಿಗುತ್ತೆ ನಿಂಗೆ, ಪುಡಿಯೂ ಉಳಿದಿದೆ. ಹೋಗಿ ಮುಖ ತೊಳ್ಕೊಂಡು ಬಾ," ಎಂದು ಕಳಿಸಿದೆ.

ಸಂಜೆಗೆ ಮೊದಲೇ ನಿರ್ದೇಶಕರ ಫೋನು ಬಂತು. ಮುಚ್ಚುವುದೆಂದು ತೀರ್ಮಾನವಾಯಿತು, ಬೀಮ್ ಇವತ್ತಿಗೇ ಕೊನೆ. ಫೋನಿಟ್ಟ ಸ್ವಲ್ಪ ಹೊತ್ತಿಗೆ ನಮ್ಮವರು ಇಳಿದು ಬಂದರು. ಗುಬ್ಬಿಯ ಸ್ಟೂಲಿನ ಮೇಲೆ ಕೂತು ಅಂಗೈಗಳನ್ನು ಮೊಣಕಾಲಿಗೆ ತಿಕ್ಕಿಕೊಂಡರು.

"ಯಾವಾಗ ಗೊತ್ತಾಯ್ತು?"

"ನಿನ್ನೆ. ಎಣ್ಣೆ ಜಗಳ ಆಯ್ತಲ್ಲ, ಆವಾಗ."

"ನಿನ್ನೆ ರಾತ್ರಿಯೆಲ್ಲ ಒಬ್ಬಳೇ ಇಟ್ಕೊಂಡು ಹೊರಳಾಡಿದೆ." ನನ್ನನ್ನು ನೋಡದೆ ಪೆಟ್ಟಿಗೆಯನ್ನೇ ನೋಡುತ್ತಿದ್ದರು. "ನಾನು ಸುಮ್ನಿರು ಅಂತೀನಿ ಅಂದ್ಕೊಂಡ್ಯಾ?"

ಇಲ್ಲ ಎನ್ನಬಹುದಿತ್ತು. "ಹೂಂ," ಎಂದೆ.

"ಹೇಳಿದ್ರೆ ನಾನೇ ಬೀಮ್ ತೆಗೀತಿದ್ದೆ ಕಣೇ. ನಾನೇ ಅವರ ಮುಂದೆ ನಿಂತು ಹೇಳ್ತಿದ್ದೆ. ನಂಗೆ ಗೊತ್ತಿಲ್ದೆ ನನ್ ಕೈಯಿಂದ ತೆಗೆಸಿದೆ ನೀನು." ದನಿ ಏರಿಸಲಿಲ್ಲ. ಆದರೆ ಅದು ಕೋಪವೇ. ಇಷ್ಟು ವರ್ಷ ನಾನು ಕಾದು ಕೂತಿದ್ದ ಕೋಪ ಬಂದಿತ್ತು, ಬಂದಾಗ ತಡೆಯಲಾಗಲಿಲ್ಲ. ದಿನಕ್ಕೆ ಹತ್ತು ಸಲ ಗ್ಯಾಸ್ ಆರಿಸಿದ್ರಾ ಎಂದು ಕೇಳಿದಾಗಲೂ ಸಿಟ್ಟಾಗದ ಮನುಷ್ಯನನ್ನು, ಕೇಳಲೇಬೇಕಾದ ಒಂದು ಮಾತು ಕೇಳದೆ ನೋಯಿಸಿದ್ದೆ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ.

ಅವರು ಎದ್ದರು. "ಬಾ ಮೇಲೆ," ಎಂದರು.

ಕಂಟ್ರೋಲ್ ರೂಮಿಗೆ ನಾನು ಹೋಗುವುದೇ ಅಪರೂಪ. ಸವತಿಯ ಮನೆಯಲ್ಲವೇ. ಕುರ್ಚಿಯ ಕೈಗಳ ಮೇಲಿನ ಬಣ್ಣ ಅವರ ಮೊಣಕೈ ತಗುಲಿ ತಗುಲಿ ಹೋಗಿತ್ತು. ಅವರು ಕೂರಲಿಲ್ಲ. ನಿಂತುಕೊಂಡೇ ಒಂದೊಂದು ತಿರುಗುಣಿಯನ್ನೂ ನಿಧಾನವಾಗಿ ಸೊನ್ನೆಗೆ ತಂದರು. ಮೊದಲು ಬೀಮ್, ಆಮೇಲೆ ದೊಡ್ಡ ಆಯಸ್ಕಾಂತಗಳು, ಕೊನೆಗೆ ಪಂಪುಗಳು. ನಾನು ಅವರ ಹಿಂದೆ ಏನು ಮಾಡಲೂ ತೋಚದೆ ನಿಂತಿದ್ದೆ. ಒಂದೊಂದೇ ಸದ್ದು ಕಳಚಿಕೊಂಡು, ಆ ಕಟ್ಟಡದಲ್ಲಿ ನಾನು ಒಮ್ಮೆಯೂ ಕೇಳಿರದಷ್ಟು ಮೌನವಾಯಿತು.

ದೀಪ ತೆಗೆದು ಬಾಗಿಲಿಗೆ ಬೀಗ ಹಾಕಿದರು. ಮೆಟ್ಟಿಲಿಳಿದು ಕಾರಿಡಾರು ದಾಟಿ ಹೊರಗೆ ಬಂದೆವು. ಗೇಟಿನ ಹತ್ತಿರ ಎಂದಿನಂತೆ ನನ್ನ ಗಂಟಲಲ್ಲಿ ಆ ಮಾತು ಬಂತು. ಬಾಯಿ ಬಿಗಿ ಹಿಡಿದೆ. ಇವತ್ತು ಯಾವ ಬಾಯಲ್ಲಿ ಕೇಳಲಿ?

ನಾಲ್ಕು ಹೆಜ್ಜೆ ಮುಂದೆ ಹೋದವರು ನಿಂತರು.

"ಕೇಳು," ಎಂದರು.

"ಏನು?"

"ದಿನಾ ಕೇಳ್ತೀಯಲ್ಲ. ಕೇಳು."

ಆ ನಾಲ್ಕು ಹೆಜ್ಜೆ ಹಾಕಿ ಹತ್ತಿರ ಹೋಗಿ ಕೇಳಿದೆ. "ರೀ, ಆರಿಸಿದ್ರಾ?"

ಅವರು ತಿರುಗಿ ಕಟ್ಟಡವನ್ನೊಮ್ಮೆ ನೋಡಿದರು.

"ಆರಿಸಿದೆ ಕಣೇ," ಎಂದರು.